ಮೋಡದತುದಿಗೆ ಹದಿನೇಳನೆಯ ಸೀಟು

ಫೋನು ಬಂದಾಗ ಫೂಕ್ ಲೋಯ್ ಸತ್ತವಳೊಬ್ಬಳ ಬಂಗಲೆಯ ಮೂರನೆಯ ಮಹಡಿಗೆ ಬಾಲ್ಕನಿ ಅಂಟಿಸುತ್ತಿದ್ದ.

ಬಂಗಲೆ ಕಾಗದದ್ದು. ಒಳಗೆ ಬಿದಿರಿನ ಕಡ್ಡಿಯ ಎಲುಬು, ಹೊರಗೆ ಬಣ್ಣದ ಕಾಗದದ ಚರ್ಮ. ಅಜ್ಜಿ ಕತೆಗಳಲ್ಲಿ ರಾಜಕುಮಾರ ಕಣ್ಣು ಬಿಡುವುದರೊಳಗೆ ಅರಮನೆ ಎದ್ದು ನಿಲ್ಲುತ್ತದಲ್ಲ, ಇದೂ ಹಾಗೆಯೇ. ವ್ಯತ್ಯಾಸ ಇಷ್ಟೇ, ಇದು ಎದ್ದ ಸಂಜೆಯೇ ಬೂದಿಯಾಗುತ್ತದೆ. ಸುಟ್ಟರೆ ತಾನೇ ಸತ್ತವರಿಗೆ ತಲುಪುವುದು! ಈಪೋ ಊರಿನ ಹಳೇಬೀದಿಯಲ್ಲಿ ಫೂಕ್ ಲೋಯ್‌ನ ಅಪ್ಪ ನಲವತ್ತು ವರ್ಷ ಇದೇ ಕಸುಬು ಮಾಡಿದ. ಅಪ್ಪ ಹೋದಾಗ ಮಗ ಅಪ್ಪನಿಗೂ ಒಂದು ಮನೆ ಮಾಡಿ ಸುಟ್ಟು, ಮಾರನೆಯ ದಿನ ಅಂಗಡಿಯ ಬಾಗಿಲು ತೆಗೆದ. ಮನೆ, ಕಾರು, ಸೇವಕಿಯರು, ಟೀವಿ, ಹಲ್ಲುಸೆಟ್ಟು, ಯಾರಿಗೆ ಏನು ಬೇಕೋ ಅದು. ಆದರೆ ಮಗ ತುಂಬ ಹೆದರುಪುಕ್ಕಲ. ಮಾಡಿದ ಮನೆಗೆ ಬೆಂಕಿ ಹಚ್ಚಬೇಕಾದಾಗಲೂ ಮಾರುದ್ದದ ಕೋಲಿನ ತುದಿಗೆ ಕಡ್ಡಿ ಕಟ್ಟಿಕೊಂಡು ದೂರದಿಂದ ಹಚ್ಚುತ್ತಿದ್ದ.

"ನಾನು ಲಿಯೊಂಗ್. ಸೌ ಫಾಂಗಳ ಅಪ್ಪ," ಎಂದಿತು ಫೋನು.

ಬಾಲ್ಕನಿ ಕೈಜಾರಿ ಅಂಟಿನ ಡಬ್ಬಿಯೊಳಗೆ ಬಿತ್ತು.

"ಹೇ... ಹೇಳಿ ಅಂಕಲ್."

"ನಾಳೆ ಭಾನುವಾರ. ಬೆಳಿಗ್ಗೆ ಆರೂವರೆ ಬಸ್ಸು. ನಿಂದು ಹದಿನೇಳನೇ ಸೀಟು, ನಂದು ಹದಿನೆಂಟು. ಮೋಡದತುದಿಗೆ ಹೋಗ್ತಾ ಇದೀವಿ."

"ನಾನು ಅಲ್ಲಿಗೆ ಯಾವತ್ತೂ ಹೋಗಿಲ್ಲ ಅಂಕಲ್."

"ಅದಕ್ಕೇ ಕರೀತಿರೋದು! ಮನುಷ್ಯನ ಹಣೆಬರಹ ಊಟಕ್ಕೆ ಕೂತಾಗ ಗೊತ್ತಾಗಲ್ಲ, ಜೂಜಿಗೆ ಕೂತಾಗ ಗೊತ್ತಾಗತ್ತೆ. ನೀನು ಪಕ್ಕದಲ್ಲಿ ಕೂತಿದ್ದು ನಾನು ಗೆದ್ರೆ, ಸೋಮವಾರವೇ ಮದುವೆಗೆ ದಿನ ನೋಡಿಸ್ತೀನಿ."

"ಸೋ... ಸೋತ್ರೆ?"

"ಸೋತ್ರೆ ವಾಪಸ್ ಬರುವಾಗ ನೀನು ಬೇರೆ ಬಸ್ಸಲ್ಲಿ ಬಾ. ಅದಿರ್ಲಿ, ಲಾಟೀನು ವ್ಯಾಪಾರ ಹೇಗಿದೆ?"

"ಚೆನ್ನಾಗಿದೆ ಅಂಕಲ್," ಎಂದು ಫೂಕ್ ಲೋಯ್ ಮುಂದಿದ್ದ ಬಂಗಲೆಯನ್ನು ನೋಡುತ್ತ ಹೇಳಿದ.

ಎಲ್ಲ ಸಂಕಟಕ್ಕೂ ಆ ಲಾಟೀನೇ ಮೂಲ. ಎರಡು ವರ್ಷದ ಹಿಂದೆ ಕನ್ನಡಕದ ಅಂಗಡಿಯ ಸೌ ಫಾಂಗ್ ಅವನ ಕಣ್ಣು ಪರೀಕ್ಷೆ ಮಾಡುತ್ತ, "ಕೆಳಗಿನ ಸಾಲು ಓದಿ," ಅಂದಿದ್ದಳು. ಅವನು ಸಾಲು ಬಿಟ್ಟು ಅವಳನ್ನೇ ನೋಡಿದ್ದ. ಆದರೆ ಅವಳ ಅಪ್ಪ ಮೂವತ್ತು ವರ್ಷದಿಂದ ತಿಂಗಳಿಗೆರಡು ಸಲ ಮೋಡದತುದಿ ಬೆಟ್ಟದ ಜೂಜುಮನೆಗೆ ಹತ್ತುತ್ತಿದ್ದ ಹಳೇ ಲಾರಿ ಡ್ರೈವರು. ಅದೃಷ್ಟದ ವಿಷಯದಲ್ಲಿ ಎಳ್ಳಷ್ಟೂ ರಾಜಿಯಿಲ್ಲದ ಮನುಷ್ಯ. ಅವಳನ್ನು ನೋಡಲು ಬಂದ ಮೊದಲನೆಯ ಗಂಡು, ಒಬ್ಬ ಮೇಷ್ಟ್ರು, ಜೂಜಿನ ಮೇಜಿನ ಪಕ್ಕ ಸೀನಿದ. ಎರಡನೆಯವನು ಆಕಳಿಸಿದ. ಇಬ್ಬರೂ ಬೇರೆ ಬಸ್ಸಿನಲ್ಲಿ ಬಂದರು. ಅಂಥ ಅಪ್ಪನ ಮುಂದೆ, ಹುಡುಗ ಸಾವಿನ ಸಾಮಾನು ಮಾಡುವವನು ಎಂದು ಹೇಗೆ ಹೇಳುವುದು? ಸೌ ಫಾಂಗ್ ಒಂದು ಗುಟುಕು ಚಹಾ ಕುಡಿಯುವಷ್ಟರಲ್ಲಿ ಯೋಚಿಸಿ, "ಹಬ್ಬದ ಲಾಟೀನು ಮಾಡ್ತಾನಪ್ಪ," ಅಂದುಬಿಟ್ಟಿದ್ದಳು. ಕಾಗದ, ಬಿದಿರು, ಅಂಟು, ಎಲ್ಲ ಅದೇ ಅಲ್ಲವೇ?

ಐದು ನಿಮಿಷದಲ್ಲಿ ಸೌ ಫಾಂಗ್ ಬಂದಳು. ಬಂದಳು ಎಂದರೆ ಎದುರುಗಡೆಯ ಜಗುಲಿಯ ತನಕ. ಮದುವೆಯಾಗಬೇಕಾದ ಹುಡುಗಿ ಇಂಥ ಅಂಗಡಿಯ ಹೊಸ್ತಿಲು ತುಳಿಯಬಾರದು. ಮದುವೆ ಎಂದರೆ ಕೆಂಪು ಕಾರ್ಯ, ಸಾವು ಎಂದರೆ ಬಿಳಿ ಕಾರ್ಯ. ಒಂದು ಇನ್ನೊಂದನ್ನು ಸೋಕಬಾರದು. ಹೀಗಾಗಿ ಎರಡು ವರ್ಷದಿಂದ ಅವರ ಪ್ರೇಮವೆಲ್ಲ ರಸ್ತೆಯ ಆಚೆ ಒಬ್ಬರು, ಈಚೆ ಒಬ್ಬರು ನಿಂತು ಫೋನಿನಲ್ಲೇ ನಡೆದಿತ್ತು.

"ಅಪ್ಪ ಟಿಕೆಟ್ ತಗೊಂಡುಬಿಟ್ಟಿದ್ದಾರೆ ಲೋಯ್," ಎಂದಳು ಅಲ್ಲಿಂದ ಕೈಯಾಡಿಸುತ್ತ.

"ನಂಗೆ ಭಯ ಆಗ್ತಾ ಇದೆ. ಆ ಬೆಟ್ಟಕ್ಕೆ ತಂತಿ ಮೇಲೆ ಪೆಟ್ಟಿಗೇಲಿ ನೇತಾಡ್ಕೊಂಡು ಹೋಗ್ಬೇಕಂತೆ? ಒಳಗೆ ಕಿಟಕಿ ಇಲ್ವಂತೆ, ಗಡಿಯಾರ ಇಲ್ವಂತೆ? ಹೋದವರಿಗೆ ಹಗಲು ಯಾವುದು ರಾತ್ರಿ ಯಾವುದು ಅಂತಾನೇ ಗೊತ್ತಾಗಲ್ವಂತೆ?"

"ನೀನು ಗಡಿಯಾರ ನೋಡಕ್ಕೆ ಹೋಗ್ತಿಲ್ಲ. ಸೀನಬೇಡ, ಆಕಳಿಸಬೇಡ, ಲಾಟೀನು ಮರೀಬೇಡ. ಅಷ್ಟೇ. ನಂಗೀಗ ಮೂವತ್ತೊಂದು, ಲೋಯ್. ನೀನೂ ಬೇರೆ ಬಸ್ಸಲ್ಲಿ ಬಂದ್ರೆ, ನಾಲ್ಕನೇ ಗಂಡಿಗೆ ಅಂತ ಕಾಯಕ್ಕೆ ನನ್ನ ಕೈಲಾಗಲ್ಲ. ನಿನ್ನ ಹತ್ರಾನೇ ಒಂದು ಕಾಗದದ ಗಂಡ ಮಾಡಿಸ್ಕೊಂಡು ಇದ್ಬಿಡ್ತೀನಿ."

ಅವಳು ನಗುತ್ತ ಹೇಳಿದಳು. ಆದರೆ ರಸ್ತೆಯ ಆಚೆಯಿಂದಲೂ ಅವಳ ಕಣ್ಣಂಚು ಹೊಳೆದದ್ದು ಅವನಿಗೆ ಕಂಡಿತು. ಅವಳೇ ಕೊಟ್ಟ ಕನ್ನಡಕವಲ್ಲವೇ?

ಫೋನಿನಲ್ಲಿ ಫೂಕ್ ಲೋಯ್ ಆಡಿದ ಮಾತಷ್ಟನ್ನೂ ಪಕ್ಕದಲ್ಲಿ ಸೋಯಾ ಹಾಲಿನ ಗಿಣ್ಣು ಮಾರುವ ಚೂಯ್ ಅತ್ತೆ ಕಿವಿಯಲ್ಲೇ ಉಂಡಿದ್ದಳು. ಸೌ ಫಾಂಗ್ ಆಚೆ ಹೋದದ್ದೇ ಸೌಟು ಹಿಡಿದು ಒಳಗೆ ನುಗ್ಗಿದಳು.

"ಮೋಡದತುದಿಗಾ? ನೀನಾ? ಅಯ್ಯೋ ಲೋಯ್!"

"ಏನಾಯ್ತು ಅತ್ತೆ?"

"ನಮ್ಮ ಭಾವ ಹೋಗಿದ್ದ, ಗೊತ್ತಾ? ಹೋಗುವಾಗ ಬಾಯಲ್ಲಿ ಚಿನ್ನದ ಹಲ್ಲಿತ್ತು. ಬರುವಾಗ ಬಾಯಿ ಮುಚ್ಕೊಂಡು ಬಂದ. ನಮ್ಮಜ್ಜಿ ಹೇಳ್ತಿದ್ಲು, ಆ ಬೆಟ್ಟದ ನೆತ್ತೀಲಿ ಮೊದಲು ಮಂಜಿನ ರಾಕ್ಷಸ ಇದ್ನಂತೆ. ಮನುಷ್ಯರನ್ನ ತಿಂದು ಮೂಳೆ ಉಗೀತಿದ್ದ. ಈಗ ಊರು ಕಟ್ಟಿದ್ಮೇಲೆ ಮನುಷ್ಯರನ್ನ ಬಿಟ್ಟು ಜೇಬು ತಿಂತಾನೆ, ಮನುಷ್ಯನ್ನ ಉಗೀತಾನೆ."

ಹೊರಗೆ ಹೂಮಾಲೆ ಕಟ್ಟುತ್ತಿದ್ದ ಸೆಲ್ವನಾಯಗಂ ನೂಲನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಒಳಗೆ ಬಂದ. ಮಾಲೆಯ ವ್ಯಾಪಾರದ ಜೊತೆಗೆ ಅವನಿಗೊಂದು ಸಣ್ಣ ಲಾರಿಯಿತ್ತು. ಫೂಕ್ ಲೋಯ್‌ನ ಬಂಗಲೆಗಳು ಮಸಣಕ್ಕೆ ಹೋಗುತ್ತಿದ್ದುದು ಅದರಲ್ಲೇ.

"ಹೆದರಿಸಬೇಡಿ ಅಕ್ಕಾ. ನಮ್ಮಲ್ಲಿ ಹೆಣ ಎದುರಿಗೆ ಬಂದ್ರೆ ಶುಭ ಅಂತಾರೆ," ಎಂದ.

"ಹೆಣ ಬಂದ್ರೆ ಶುಭ, ಸರಿ. ಹೆಣದ ಬಡಗಿ ಬಂದ್ರೆ?" ಚೂಯ್ ಅತ್ತೆ ಸೌಟು ಎತ್ತಿದಳು. "ದಿನವಿಡೀ ಸತ್ತವರ ಸಾಮಾನು ಮುಟ್ಟೋ ಕೈ ಇದು. ಇವನ ನೆರಳು ಆ ಮುದುಕನ ಇಸ್ಪೀಟೆಲೆ ಮೇಲೆ ಬಿದ್ರೆ ರಾಜನೂ ಜೋಕರ್ ಆಗ್ತಾನೆ. ತೊಳೀಬೇಕು. ತಲೆಯಿಂದ ಕಾಲಿನ ತನಕ ತೊಳೀಬೇಕು!"

ಅಲ್ಲಿಂದ ಅತ್ತೆ ಪಟ್ಟಿ ಶುರುಮಾಡಿದಳು. ಒಳಗೆ ಕೆಂಪು ಚಡ್ಡಿಯೇ ಹಾಕಬೇಕು. ಬೆಳಿಗ್ಗೆ ಗಂಜಿ ಕುಡಿಯಬಾರದು, ಗಂಜಿ ಬಡವರ ಊಟ. ಹೊರಡುವಾಗ ಮನೆಯ ದೀಪಗಳನ್ನೆಲ್ಲ ಉರಿಯಲು ಬಿಡಬೇಕು. ಅಲ್ಲಿ ಮುಂಬಾಗಿಲಿನಿಂದ ಹೋಗಕೂಡದು. ಅದು ರಾಕ್ಷಸನ ಬಾಯಿ, ಪಕ್ಕದ ಬಾಗಿಲೇ ಸರಿ.

"ಎಲ್ಲಕ್ಕಿಂತ ದೊಡ್ಡದು, ಆಡ್ತಾ ಕೂತವರ ಭುಜ ಮುಟ್ಟಬಾರದು. ಮುಟ್ಟಿದ್ರೆ ಅದೃಷ್ಟ ಹಕ್ಕಿ ಹಾಗೆ ಹಾರಿಹೋಗತ್ತೆ. ನಮ್ಮ ಭಾವನ ಭುಜ ತಟ್ಟಿದ್ದು ಯಾರು ಅಂತೀಯ? ಬಾತ್‌ರೂಮ್ ಎಲ್ಲಿ ಅಂತ ಕೇಳಕ್ಕೆ ಬಂದವನು. ಚಿನ್ನದ ಹಲ್ಲು ಹೋಯ್ತು!"

ಫೂಕ್ ಲೋಯ್ ತನ್ನ ಎರಡೂ ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡ. ಈಗಿನಿಂದಲೇ ಅಭ್ಯಾಸವಾಗಲಿ ಎಂದು.

ಮಧ್ಯಾಹ್ನದ ಹೊತ್ತಿಗೆ ಅಂಗಡಿಯ ಹಿಂದೆ ಅಭಿಷೇಕದ ಸಿದ್ಧತೆ ನಡೆಯಿತು. ಚಕೋತದ ಎಲೆ, ಏಳು ನಿಂಬೆಹಣ್ಣು, ಸೆಲ್ವನಾಯಗಂ ಕೊಟ್ಟ ಏಳು ಬಣ್ಣದ ಹೂವು, ಎಲ್ಲ ಒಂದು ದೊಡ್ಡ ತೊಟ್ಟಿಯ ನೀರಿನಲ್ಲಿ. ಚೂಯ್ ಅತ್ತೆ ತನ್ನ ಮಗನಿಗೆಂದು ಸಂತೆಯಲ್ಲಿ ಕೊಂಡಿಟ್ಟಿದ್ದ ಹೊಸ ಕೆಂಪು ಚಡ್ಡಿಯನ್ನು ಗೋಡೆಯ ಮೇಲಿಂದ ಎಸೆದು, "ಅದನ್ನ ಹಾಕ್ಕೊಂಡೇ ತೊಟ್ಟೀಲಿ ಕೂತ್ಕೋ. ಅದೂ ಶುದ್ಧ ಆಗ್ಲಿ," ಎಂದು ಕೂಗಿದಳು. ಫೂಕ್ ಲೋಯ್ ಅರ್ಧ ಗಂಟೆ ಕೂತ. ಕಣ್ಣು ಮುಚ್ಚಿ, ತಂತಿಯ ಮೇಲೆ ನೇತಾಡುವ ಪೆಟ್ಟಿಗೆಯನ್ನೂ ಬಾಯ್ದೆರೆದ ಮುಂಬಾಗಿಲನ್ನೂ ಕಲ್ಪಿಸಿಕೊಂಡು, "ಆರೂವರೆ ಬಸ್ಸು, ಹದಿನೇಳನೇ ಸೀಟು, ಆರೂವರೆ, ಹದಿನೇಳು," ಎಂದು ಮಂತ್ರದಂತೆ ಜಪಿಸಿದ.

ಕಣ್ಣು ಬಿಟ್ಟಾಗ ತೊಟ್ಟಿಯ ನೀರು ದಾಳಿಂಬೆಯ ರಸದಂತಾಗಿತ್ತು. ಸಂತೆಯ ಚಡ್ಡಿ ತನ್ನಲ್ಲಿದ್ದ ಬಣ್ಣವನ್ನೆಲ್ಲ ಬಿಟ್ಟುಕೊಟ್ಟಿತ್ತು. ಕುತ್ತಿಗೆಯಿಂದ ಕೆಳಗೆ, ಹತ್ತೂ ಬೆರಳುಗಳ ತನಕ, ಫೂಕ್ ಲೋಯ್ ಬೇಯಿಸಿದ ಸೀಗಡಿಯ ಬಣ್ಣಕ್ಕೆ ತಿರುಗಿದ್ದ.

"ಬಹಳ ಒಳ್ಳೇದಾಯ್ತು!" ಎಂದಳು ಚೂಯ್ ಅತ್ತೆ ನೋಡಿ. "ಬರೀ ಚಡ್ಡಿ ಅಲ್ಲ, ಮನುಷ್ಯನೇ ಕೆಂಪಾಗಿದ್ದಾನೆ."

"ಇದು ಹೋಗಲ್ಲ ಅತ್ತೆ! ಉಜ್ಜಿದಷ್ಟೂ ಹರಡ್ತಾ ಇದೆ! ನಾಳೆ ಅಂಕಲ್ ನೋಡಿದ್ರೆ?"

"ಲಾಟೀನಿನ ಬಣ್ಣ ಅನ್ನು ತಮ್ಮಾ," ಎಂದು ಸೆಲ್ವನಾಯಗಂ ಸಮಾಧಾನ ಹೇಳಿದ. "ಮೂರು ಗಂಟೆ ಆಯ್ತು. ನಾಲ್ಕಕ್ಕೆ ಮಣ್ಣು ಇದೆ. ನಿನ್ನ ಬಂಗಲೆ ರೆಡಿಯಾ?"

ಬಂಗಲೆ ರೆಡಿಯಿತ್ತು. ಆದರೆ ಅದರ ಜೊತೆಗೆ ಹೋಗಬೇಕಾದ ಕರಿ ಕಾರಿಗೆ ನಂಬರು ಬರೆದಿರಲಿಲ್ಲ. ಸತ್ತಾಕೆಯ ಮನೆಯವರು ಆಕೆಯ ಹಳೇ ಕಾರಿನ ನಂಬರು ಹೇಳಿ ಕಳಿಸುತ್ತೇವೆ ಎಂದಿದ್ದರು, ಅಳುವಿನ ನಡುವೆ ಮರೆತಿದ್ದರು. ಫೂಕ್ ಲೋಯ್ ಕುಂಚ ತೆಗೆದುಕೊಂಡ. ಮನಸ್ಸು ಬೆಟ್ಟದ ಮೇಲಿತ್ತು, ಕೈ ಇಲ್ಲಿ ಬರೆಯುತ್ತಿತ್ತು. ಬಾಯಲ್ಲಿ ಜಪ ನಡೆದೇ ಇತ್ತು. ಆರೂವರೆಗೆ, ಅಂದರೆ ಆರು ಮೂವತ್ತಕ್ಕೆ, ಆರು, ಮೂರು. ಸೀಟಿಗೆ ಒಂದು, ಏಳು. ಕಾರಿನ ಹಿಂದೆ 6317 ಎಂದು ಬಿದ್ದದ್ದು ಅವನ ಅರಿವಿಗೇ ಬರಲಿಲ್ಲ.

ಲಾರಿಯ ಮೇಲೆ ಮುಂದೆ ಮೂರು ಮಹಡಿಯ ಬಂಗಲೆ, ಹಿಂದೆ ಕರಿ ಕಾರು. ಕಾರೆಂದರೆ ಆಟಿಕೆಯಲ್ಲ, ಒಬ್ಬ ಮನುಷ್ಯ ಕಾಲು ಚಾಚಿ ಮಲಗುವಷ್ಟು ದೊಡ್ಡದು. ಹಗ್ಗ ಕಟ್ಟುವುದು ಯಾವಾಗಲೂ ಫೂಕ್ ಲೋಯ್‌ನ ಕೆಲಸ. ಇವತ್ತು ಅವನು ಕಂಕುಳಿಂದ ಕೈ ತೆಗೆಯಲು ಹೆದರುತ್ತಲೇ ಕಟ್ಟಿದ. ಆ ಗಂಟು ಮಗುವಿನ ಜಡೆಯ ಗಂಟಿನಂತಿತ್ತು. ಅವನು ಮಾಮೂಲಿನಂತೆ ಹಿಂದೆ ಬಂಗಲೆಯನ್ನು ಹಿಡಿದುಕೊಂಡು ನಿಂತ. ಸೆಲ್ವನಾಯಗಂ ಲಾರಿ ಬಿಟ್ಟ.

ಗಡಿಯಾರದ ವೃತ್ತದ ಹತ್ತಿರ ಗಾಳಿ ಬಂತು.

ಮೊದಲು ಹಗ್ಗ ಬಿಚ್ಚಿಕೊಂಡಿತು. ಆಮೇಲೆ ಕರಿ ಕಾರು, ಕತೆಯೊಳಗಿನ ಕುದುರೆಗೆ ರೆಕ್ಕೆ ಬಂದಂತೆ, ಲಾರಿಯಿಂದ ಮೆಲ್ಲಗೆ ಮೇಲೆದ್ದಿತು. ಒಂದು ಸುತ್ತು ಗಾಳಿಯಲ್ಲಿ ತಿರುಗಿತು. ಮತ್ತೆ ಬಹಳ ಮರ್ಯಾದೆಯಿಂದ ವೃತ್ತದ ನಟ್ಟನಡುವೆ ನಾಲ್ಕು ಚಕ್ರದ ಮೇಲೆ ಇಳಿದು ನಿಂತಿತು. ಅದಕ್ಕೆ ದಾರಿ ಬಿಡಲು ಒಬ್ಬ ಟ್ಯಾಕ್ಸಿಯವನು ಬ್ರೇಕು ಹಾಕಿದ. ಟ್ಯಾಕ್ಸಿಗೆ ಹಿಂದಿನ ವ್ಯಾನು ಗುದ್ದಿತು. ವ್ಯಾನಿಗೆ ಮೀನಿನ ಸ್ಕೂಟರು ಗುದ್ದಿತು. ಯಾರಿಗೂ ಗಾಯವಾಗಲಿಲ್ಲ, ಮೀನುಗಳಿಗೆ ಮೊದಲೇ ಆಗಿತ್ತು.

ಜನ ಎಲ್ಲಿದ್ದರೋ ಓಡಿ ಬಂದರು. ಗುದ್ದಿದವರನ್ನು ಯಾರೂ ಮಾತಾಡಿಸಲಿಲ್ಲ. ಈ ಊರಿನಲ್ಲಿ ಗಾಡಿಗೆ ಗಾಡಿ ತಗುಲಿದರೆ ಜನ ಮೊದಲು ನೋಡುವುದು ನಂಬರನ್ನು. ಆ ನಂಬರು ದೇವರ ಬಾಯಿಂದ ಬಂದದ್ದು. ಸಂಜೆಯ ನಾಲ್ಕಂಕಿ ಲಾಟರಿಗೆ ಅದನ್ನು ಕಟ್ಟಬೇಕು. ಅದೂ ಇಂದು ಶನಿವಾರ, ಏಳು ಗಂಟೆಗೆ ಫಲಿತಾಂಶ. ಮಾಮೂಲಿ ಕಾರಿನ ನಂಬರಿಗೇ ಊರು ಮುಗಿಬೀಳುತ್ತದೆ. ಇದು ಪರಲೋಕದ ಕಾರು! ಟ್ಯಾಕ್ಸಿಯವನು ತನ್ನ ಒಡೆದ ದೀಪ ಬಿಟ್ಟು ಕಾಗದದ ಕಾರಿನ ಹಿಂದೆ ಕೂತು ನಂಬರು ಬರೆದುಕೊಂಡ. ಮೀನಿನವನು ಮೀನು ಕಟ್ಟುವ ಹಾಳೆಯ ಮೇಲೆ ಬರೆದುಕೊಂಡ. ಟ್ರಾಫಿಕ್ ಪೊಲೀಸಿನವನು ಸೀಟಿ ಊದುತ್ತಲೇ ಅಂಗೈಯಲ್ಲಿ ಬರೆದುಕೊಂಡ.

ಎದುರಿನ ಕಾಫಿ ಅಂಗಡಿಯಿಂದ ಬಿಳಿ ಬನಿಯನ್ನಿನ ಒಬ್ಬ ಮುದುಕ ಲೋಟವನ್ನು ಕೈಯಲ್ಲೇ ಹಿಡಿದು, ಕಿವಿಯ ಮೇಲಿನ ಪೆನ್ಸಿಲ್ ತೆಗೆಯುತ್ತ ದಾಪುಗಾಲು ಹಾಕಿ ಬಂದರು.

ಅಂಕಲ್ ಲಿಯೊಂಗ್.

ಫೂಕ್ ಲೋಯ್‌ನ ಗುಟ್ಟು ಬಯಲಾಗುವ ಹೊತ್ತು. ಇಳಿದು ಓಡುವಂತಿಲ್ಲ, ನಿಲ್ಲುವಂತಿಲ್ಲ. ಅವನು ಕಾಗದದ ಬಂಗಲೆಯ ಮುಂಬಾಗಿಲು ತೆರೆದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಒಳಗೆ ಮೊಣಕಾಲಿಗೆ ಗಲ್ಲ ತಾಗಿಸಿ ಕೂತು, ಗಾಜುಕಾಗದದ ಕಿಟಕಿಯಿಂದ ಇಣುಕಿದ. ಪಕ್ಕದಲ್ಲಿ ಅವನೇ ಮಾಡಿದ ಇಬ್ಬರು ಕಾಗದದ ಸೇವಕಿಯರು ಟ್ರೇ ಹಿಡಿದು ಅವನನ್ನೇ ನೋಡುತ್ತಿದ್ದರು. ಸತ್ತವರಿಗೆ ಈ ಮನೆ ಇಷ್ಟು ಇಕ್ಕಟ್ಟಾಗುತ್ತದೆ ಎಂದು ಅವನಿಗೆ ಮೊದಲ ಸಲ ತಿಳಿಯಿತು.

ಅಂಕಲ್ ನಂಬರು ಬರೆದುಕೊಂಡು ನೇರ ಲಾರಿಯ ಹತ್ತಿರ ಬಂದರು.

"ಯಾರಪ್ಪ ಮಾಡಿದ್ದು ಈ ಕಾರನ್ನ? ಏನು ಕೆಲಸಗಾರಿಕೆ! ಸ್ಟಿಯರಿಂಗೂ ತಿರುಗತ್ತಲ್ಲಾ!"

ಸೆಲ್ವನಾಯಗಂ ಒಳ್ಳೆಯವನು. ಒಳ್ಳೆಯವರ ಜೊತೆ ಇರುವ ಕಷ್ಟವೇ ಇದು, ಅವರಿಗೆ ತಟ್ಟನೆ ಸುಳ್ಳು ಹೊಳೆಯುವುದಿಲ್ಲ.

"ಮಾಡಿದವನು..." ಎಂದು ತಡವರಿಸಿದ, "ಮಾಡಿದವನು ಮನೆಯಲ್ಲಿದ್ದಾನೆ ಸಾರ್," ಎಂದು ಬಂಗಲೆಯ ಕಡೆ ನೋಡಿದ.

ಅಂಕಲ್ ಬಂಗಲೆಯನ್ನು ನೋಡಿದರು. ಎರಡನೆಯ ಕಿಟಕಿಯಲ್ಲಿ ಒಂದು ಕನ್ನಡಕ ಹೊಳೆಯಿತು. ತಮ್ಮ ಮಗಳ ಅಂಗಡಿಯದ್ದು.

ಅವರು ಬೆರಳಿನ ಗೆಣ್ಣಿನಿಂದ ಕಾಗದದ ಬಾಗಿಲನ್ನು ಮೆಲ್ಲಗೆ ತಟ್ಟಿದರು. ಅಷ್ಟಕ್ಕೇ ಒಳಗಿನವನು ಬೆಚ್ಚಿ ಹಿಂದೆ ಸರಿದ. ಹಿಂದಿನ ಗೋಡೆ ಹರಿಯಿತು. ಫೂಕ್ ಲೋಯ್ ಒಬ್ಬ ಸೇವಕಿಯನ್ನು ತಬ್ಬಿಕೊಂಡು ನಡುರಸ್ತೆಗೆ ಬಿದ್ದ. ಪ್ಯಾಂಟು ಲಾರಿಯ ಕೊಕ್ಕೆಗೆ ಸಿಕ್ಕಿ ಅರ್ಧ ಅಲ್ಲೇ ಉಳಿಯಿತು. ಕೆಂಪು ಕಾಲು, ಕೆಂಪು ಕೈ, ಕೆಂಪು ಚಡ್ಡಿ. ಊರು ಒಂದು ಕ್ಷಣ ಬರೆಯುವುದನ್ನು ನಿಲ್ಲಿಸಿತು.

"ಲಾಟೀನು ಮಾಡ್ತೀನಿ ಅಂದಿದ್ದೆಯಲ್ಲ ನೀನು," ಎಂದರು ಅಂಕಲ್ ಲಿಯೊಂಗ್, ಕಾಫಿ ಚೆಲ್ಲದಂತೆ.

"ಅಂಕಲ್, ನಾನು... ಸೌ ಫಾಂಗ್ ಅಲ್ಲ, ತಪ್ಪು ನಂದೇ... ಲಾಟೀನೂ ಮಾಡ್ತೀನಿ, ಯಾರಾದ್ರೂ ಕೇಳಿದ್ರೆ..."

ಅಂಕಲ್ ಅವನನ್ನು ನೋಡಿದರು, ಕಾರನ್ನು ನೋಡಿದರು, ಕೈಗಡಿಯಾರ ನೋಡಿದರು. ಲಾಟರಿ ಅಂಗಡಿಯ ಮುಂದೆ ಆಗಲೇ ಸಾಲು ಬೆಳೆಯುತ್ತಿತ್ತು.

"ಏಳೂವರೆಗೆ ಮನೆಗೆ ಬಾ," ಎಂದಷ್ಟೇ ಹೇಳಿ ನಡೆದುಬಿಟ್ಟರು.

ಹರಿದ ಗೋಡೆಗೆ ತೇಪೆ ಹಾಕಿ, ಸೇವಕಿಯ ಕತ್ತು ನೇರ ಮಾಡಿ, ನಾಲ್ಕೂಕಾಲಿಗೆ ಮನೆ ಮತ್ತು ಕಾರು ತಲುಪಬೇಕಾದಲ್ಲಿಗೆ ತಲುಪಿದವು. ಅವು ಧಗಧಗ ಉರಿಯುವಾಗ ಸತ್ತಾಕೆಯ ಮಕ್ಕಳಿಗಿಂತ ಜೋರಾಗಿ ಅತ್ತದ್ದು ಫೂಕ್ ಲೋಯ್. "ಎಷ್ಟು ಅಂತಃಕರಣ!" ಎಂದು ಅವರು ಅವನ ಕೈಗೆ ಒಂದು ಪೊಟ್ಟಣ ಕಡಲೆಬೀಜ ಕೊಟ್ಟರು.

ಏಳೂವರೆಗೆ ಅವನು ಅಂಕಲ್ ಮನೆಯ ಗೇಟಿನ ಮುಂದೆ ನಿಂತಿದ್ದ. ಅವನನ್ನು ಬಿಡಲು ಬಂದ ನೆಪದಲ್ಲಿ ಚೂಯ್ ಅತ್ತೆಯೂ ಸೆಲ್ವನಾಯಗಂನೂ ಜೊತೆಗಿದ್ದರು. ದಾರಿಯಲ್ಲಿ ಇಬ್ಬರೂ ಪದೇಪದೇ ಫೋನು ನೋಡುತ್ತ ಒಬ್ಬರನ್ನೊಬ್ಬರು ತಿವಿಯುತ್ತಿದ್ದುದನ್ನು ಅವನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ಏಳು ಸಮುದ್ರದಾಚೆಯ ಗಿಳಿಯಲ್ಲಿ ರಾಕ್ಷಸನ ಪ್ರಾಣವಿರುವಂತೆ ಅವನ ಪ್ರಾಣ ಆ ಗೇಟಿನ ಚಿಲಕದಲ್ಲಿತ್ತು.

ಚಿಲಕ ಸರಿಯಿತು. ಅಂಕಲ್ ಲಿಯೊಂಗ್ ಎರಡೂ ತೋಳು ಚಾಚಿ ಓಡಿಬಂದರು. ಫೂಕ್ ಲೋಯ್ ಹೊಡೆತಕ್ಕೆ ಸಿದ್ಧನಾಗಿ ಕಣ್ಣು ಮುಚ್ಚಿದ. ಅಂಕಲ್ ಅವನನ್ನು ನೆಲದಿಂದ ಎತ್ತಿ ಒಂದು ಸುತ್ತು ತಿರುಗಿಸಿದರು.

"ಮೊದಲನೇ ಬಹುಮಾನ! ಆರು ಮೂರು ಒಂದು ಏಳು! ಮೂವತ್ತು ವರ್ಷದಲ್ಲಿ ಮೊದಲನೇ ಸಲ!"

"ನಂಗೂ ಬಂತು!" ಎಂದು ಚೂಯ್ ಅತ್ತೆ ಇಷ್ಟು ಹೊತ್ತು ತಡೆದಿಟ್ಟಿದ್ದ ಕಿರುಚಾಟವನ್ನು ಬಿಟ್ಟಳು. "ಸೆಲ್ವಂಗೂ ಬಂತು! ಟ್ಯಾಕ್ಸಿಯವನಿಗೂ, ಮೀನಿನವನಿಗೂ, ಪೊಲೀಸಿನವನಿಗೂ ಬಂತು! ಲೋಯ್, ನೀನೆಷ್ಟು ಕಟ್ಟಿದ್ದೆ?"

ಫೂಕ್ ಲೋಯ್ ಕಡಲೆಬೀಜದ ಪೊಟ್ಟಣವನ್ನು ನೋಡಿಕೊಂಡ. ಅವನಿಗೆ ಕಟ್ಟಬೇಕೆಂದು ಹೊಳೆದೇ ಇರಲಿಲ್ಲ.

ಇರಲಿ, ಲಾಟರಿ ಯಾರಿಗೆ ಬೇಕು? ಬಾಗಿಲಲ್ಲಿ ಸೌ ಫಾಂಗ್ ನಿಂತಿದ್ದಳು. ಎರಡು ವರ್ಷದಲ್ಲಿ ಮೊದಲ ಬಾರಿಗೆ ಅವರಿಬ್ಬರ ನಡುವೆ ರಸ್ತೆಯಿರಲಿಲ್ಲ. ಅವನು ಹುಟ್ಟಿದಾಗಿನಿಂದ ಕೂಡಿಟ್ಟ ಧೈರ್ಯವನ್ನೆಲ್ಲ ಒಂದೇ ಸಲಕ್ಕೆ ಖರ್ಚುಮಾಡಿದ.

"ಅಂಕಲ್, ಹಾಗಾದ್ರೆ... ಮದುವೆ ದಿನ ಸೋಮವಾರ ನೋಡಿಸ್ತೀರಾ?"

ಅಂಕಲ್ ಮುಖ ಒಮ್ಮೆಲೇ ಗಂಭೀರವಾಯಿತು.

"ಮದುವೆಯಾ? ಹುಚ್ಚು ಹಿಡಿದಿದೆಯೇನೋ ನಿಂಗೆ?"

"ಅಪ್ಪಾ! ನೀವೇ ಹೇಳಿದ್ರಿ, ಗೆದ್ರೆ ದಿನ ನೋಡಿಸ್ತೀನಿ ಅಂತ!" ಎಂದಳು ಸೌ ಫಾಂಗ್.

"ನಾನು ಹೇಳಿದ್ದು ಲಾಟೀನು ಮಾಡೋ ಹುಡುಗನಿಗೆ. ಎಲ್ಲಿದ್ದಾನೆ ಅವನು? ಕರಿ, ಈಗಲೇ ಮದುವೆ ಮಾಡ್ತೀನಿ." ಅಂಕಲ್ ಜಗುಲಿಗೆ ಹೋಗಿ ಕೈಕಟ್ಟಿ ಕೂತರು. "ನೋಡು ಹುಡುಗಾ. ಸಾವಿನ ಸಾಮಾನು ಎದುರಾದ್ರೆ ದುಡ್ಡು ಬರತ್ತೆ ಅಂತ ನಮ್ಮಪ್ಪ ಹೇಳ್ತಿದ್ದ. ನಾನು ಮೂವತ್ತು ವರ್ಷ ದಾರೀಲಿ ಹೆಣದ ಗಾಡಿ ಸಿಗತ್ತಾ ಅಂತ ಬಸ್ಸಿನ ಕಿಟಕೀಲಿ ನೋಡ್ಕೊಂಡು ಹೋಗಿದೀನಿ. ಅಂಥದ್ರಲ್ಲಿ ಹದಿನೇಳನೇ ಸೀಟಲ್ಲೇ ಬಂದು ಕೂತ್ಕೊಳ್ಳೋ ಭಾಗ್ಯ! ನಿಂದು ಬಿಳಿ ಕಾರ್ಯದ ಅದೃಷ್ಟ. ಅದಕ್ಕೆ ಮದುವೆಯ ಕೆಂಪು ಸೋಕಿದ್ರೆ ಹಾಲಿಗೆ ಹುಳಿ ಬಿದ್ದ ಹಾಗೆ. ನಿನ್ನಂಥವನನ್ನ ಯಾರಾದ್ರೂ ಮದುವೆ ಮಾಡಿ ಕೆಡಿಸ್ತಾರಾ?"

"ನಂಗೆ ಮೂವತ್ತೊಂದು ವರ್ಷ ಅಪ್ಪಾ!"

"ಇವನ ಅದೃಷ್ಟಕ್ಕೆ ಇವತ್ತು ಒಂದು ದಿನ. ಮೊದಲು ಅದು ದೊಡ್ಡದಾಗ್ಲಿ." ಮಗಳ ಕಣ್ಣು ನೋಡಿ ಅವರು ಸ್ವಲ್ಪ ಕರಗಿದರು. "ಸರಿ, ನಾನು ಅನ್ಯಾಯ ಮಾಡೋನಲ್ಲ. ಪ್ರತಿ ಭಾನುವಾರ ಇವನು ನನ್ನ ಜೊತೆ ಮೋಡದತುದಿಗೆ ಬರ್ಲಿ. ಯಾವತ್ತು ಇವನ ಪಕ್ಕ ಕೂತು ನಾನು ಸೋಲ್ತೀನೋ, ಅವತ್ತಿಗೆ ಇವನ ಅದೃಷ್ಟ ಮುಗೀತು. ಮಾರನೇ ದಿನವೇ ಮದುವೆ. ನನ್ನಾಣೆ."

ಗೇಟಿನ ತನಕ ಬಿಡಲು ಬಂದ ಸೌ ಫಾಂಗ್ ಅವನ ಕೆಂಪು ಕೈಯನ್ನು ಗಟ್ಟಿಯಾಗಿ ಹಿಡಿದು ಕಿವಿಯಲ್ಲಿ ಹೇಳಿದಳು:

"ನಾಳೆ ಅಪ್ಪನ್ನ ಸೋಲಿಸ್ಕೊಂಡು ಬಾ."

ಬೆಳಿಗ್ಗೆ ಮುದುಕ ಸೋತಾನೆಂದು ಭಯಪಟ್ಟಿದ್ದ ಫೂಕ್ ಲೋಯ್‌ಗೆ ಈಗ ಗೆದ್ದಾನೆಂದು ಭಯವಾಯಿತು. ಭಯ ಮಾತ್ರ ಅದೇ. ಆದರೆ ಈಗ ಅವನ ಹತ್ತಿರ ಒಂದು ಅಸ್ತ್ರವಿತ್ತು. ಚೂಯ್ ಅತ್ತೆಯ ಪಟ್ಟಿ! ಅದನ್ನು ತಲೆಕೆಳಗೆ ಮಾಡಿದರೆ ಸಾಕು. ಅನುಮಾನ ಬೇಡವೆಂದು, "ಅತ್ತೆ, ಅದೃಷ್ಟ ಕೆಡಿಸೋ ವಿಷಯ ಇನ್ನೂ ಏನಾದ್ರೂ ಇದೆಯಾ?" ಎಂದು ದಾರಿಯಲ್ಲಿ ಕೇಳಿದ. ಅತ್ತೆ ಬಾಯಿಗೆ ಬೀಗ ಹಾಕಿಕೊಂಡು, "ನಂಗ್ಯಾಕೆ ಕೇಳ್ತೀಯ? ನಾಳೆ ನಾನೂ ಬರ್ತಿದೀನಿ. ಹತ್ತೊಂಬತ್ತನೇ ಸೀಟು," ಎಂದಳು. ಸೆಲ್ವನಾಯಗಂನದು ಇಪ್ಪತ್ತು. ಟ್ಯಾಕ್ಸಿಯವನದು ಇಪ್ಪತ್ತೊಂದು.

ಭಾನುವಾರ ಫೂಕ್ ಲೋಯ್ ಎರಡು ಬಟ್ಟಲು ಗಂಜಿ ಕುಡಿದ. ಮನೆಯ ದೀಪಗಳನ್ನೆಲ್ಲ ಆರಿಸಿದ, ದೇವರ ಮುಂದಿನ ಸಣ್ಣ ಬಲ್ಬನ್ನೂ ಬಿಡಲಿಲ್ಲ. ಬಿಳಿ ಚಡ್ಡಿ ಹಾಕಿಕೊಂಡ. ತಂತಿಯ ಪೆಟ್ಟಿಗೆಯಲ್ಲಿ ಮೋಡದೊಳಗೆ ನೇತಾಡುವಾಗ ಕಣ್ಣು ಬಿಡಲಿಲ್ಲ, ಕೆಳಗೆ ಕಾಡಿದೆಯೋ ಪಾತಾಳವಿದೆಯೋ ನೋಡಲಿಲ್ಲ. ಮೇಲೆ ಹೋದೊಡನೆ ಎಲ್ಲರೂ ಪಕ್ಕದ ಬಾಗಿಲಿಗೆ ಹೊರಟರೆ ಅವನೊಬ್ಬ ಹಲ್ಲು ಕಚ್ಚಿ, ರಾಕ್ಷಸನ ಬಾಯಿಗೆ ತಾನಾಗಿ ಬೀಳುವವನಂತೆ, ಮುಂಬಾಗಿಲಿನಿಂದ ನುಗ್ಗಿದ. ಒಳಗೆ ಸಾವಿರ ದೀಪ, ಸಾವಿರ ಗಂಟೆ, ಗಡಿಯಾರ ಮಾತ್ರ ಇರಲಿಲ್ಲ. ಅಂಕಲ್ ಒಂದು ಜೂಜಿನ ಯಂತ್ರದ ಮುಂದೆ ಕೂತು ಅದರ ಹಿಡಿಕೆ ಎಳೆಯುತ್ತಿದ್ದರು. ಮೂರು ಸಲ ಎಳೆದರು, ಮೂರು ಸಲವೂ ಏನೂ ಬರಲಿಲ್ಲ. ಫೂಕ್ ಲೋಯ್ ಬೇಕೆಂದೇ ಸೀನಿದ, ದೊಡ್ಡದಾಗಿ ಆಕಳಿಸಿದ. ನಾಲ್ಕನೆಯ ಸಲವೂ ಬರಲಿಲ್ಲ. ಅವನ ಎದೆಯೊಳಗೆ ಮದುವೆಯ ಡೋಲು ಸಣ್ಣಗೆ ಕೇಳಿಸತೊಡಗಿತು.

ಉಳಿದದ್ದು ಒಂದೇ. ಕಂಕುಳಿನಿಂದ ಬಲಗೈ ಹೊರತೆಗೆದ. ಅದು ಇನ್ನೂ ಗುಲಾಬಿಯಾಗಿತ್ತು. ಮನಸ್ಸಿನಲ್ಲೇ ಸೌ ಫಾಂಗಳನ್ನು ನೆನೆದು, ಐದನೆಯ ಸಲ ಹಿಡಿಕೆ ಎಳೆದ ಅಂಕಲ್ ಲಿಯೊಂಗರ ಭುಜವನ್ನು ಪಟ್ಟೆಂದು ತಟ್ಟಿದ.

ಯಂತ್ರ ಒಂದು ಗಳಿಗೆ ಉಸಿರು ಹಿಡಿದಂತೆ ನಿಂತಿತು. ಆಮೇಲೆ ಅದರ ನೆತ್ತಿಯ ಕೆಂಪು ದೀಪ ಗಿರಗಿರನೆ ತಿರುಗಿತು, ಗೆಲುವಿನ ಗಂಟೆ ಹೊಡೆಯಿತು, ಇಡೀ ಸಾಲಿನ ಜನ ಎದ್ದುನಿಂತು ನೋಡಿದರು.

ಅಂಕಲ್ ತಿರುಗಿ ನೋಡಲಿಲ್ಲ. ಪರದೆಯಿಂದ ಕಣ್ಣು ಕೀಳದೆ, ಭುಜವನ್ನು ಒಂದಿಷ್ಟು ಹಿಂದಕ್ಕೆ ಚಾಚಿದರು.

"ಇನ್ನೊಂದ್ಸಲ ತಟ್ಟಪ್ಪಾ."

ಪಕ್ಕದ ಯಂತ್ರದಲ್ಲಿ ಚೂಯ್ ಅತ್ತೆ ಆಗಲೇ ಕುಪ್ಪಸದ ತೋಳು ಮೇಲಕ್ಕೇರಿಸಿ ತನ್ನ ಭುಜ ಒಡ್ಡಿದ್ದಳು.

"ಅವರದ್ದಾದ ಮೇಲೆ ನಂದು ಲೋಯ್. ಆಮೇಲೆ ಸೆಲ್ವಂದು. ಸಾಲಾಗಿ ಬಾ."